ಬಿಗಿ ಇದ್ದರೆ ಬಾಳಿಕೆ: ಜೀಪಿನ ಡಿಫರೆನ್ಷಿಯಲ್ ಮತ್ತು ಅದನ್ನು ಬಿಚ್ಚಿ ಕೂರಿಸಿದವರ ಚರಿತ್ರೆ

ನಮ್ಮ ಸಮುದಾಯದ ಚರಿತ್ರೆ ಬರೆಯಲು ಕೂತರೆ ಬಂದರು ಬರುತ್ತದೆ, ಹಡಗು ಬರುತ್ತದೆ, ಅಡಿಕೆ, ಮೀನು, ಬೀಡಿ ವ್ಯಾಪಾರ ಬರುತ್ತದೆ, ಕೊನೆಗೆ ಗಲ್ಫ್ ಬರುತ್ತದೆ. ಗ್ಯಾರೇಜು ಮಾತ್ರ ಬರುವುದಿಲ್ಲ. ಆದರೆ ಕಾಸರಗೋಡು, ಮಂಜೇಶ್ವರ, ಉಪ್ಪಳದಿಂದ ಮೂಡಣಕ್ಕೆ ಗುಡ್ಡೆ ಹತ್ತುವ ದಾರಿಗಳಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳಭಾಗಗಳಲ್ಲಿ, ಗಡಿಯಾಚೆ ಪುತ್ತೂರು, ಸುಳ್ಯದ ಕಡೆ, ಬಸ್ಸು ನಿಂತಲ್ಲಿಂದ ಮುಂದೆ ಜನರನ್ನು ಹೊತ್ತದ್ದು ಜೀಪು. ಹೆರಿಗೆಗೆ ಹೊರಟವರು, ಮದುವೆಗೆ ಹೊರಟವರು, ಅಡಿಕೆ ಮೂಟೆ, ಸಿಮೆಂಟ್ ಚೀಲ ಎಲ್ಲವೂ ಅದರಲ್ಲೇ ಹೋದವು. ಓಡಿಸಿದವರ ಹೆಸರು ಊರಿನಲ್ಲಿ ಒಂದಷ್ಟು ಕಾಲ ನೆನಪಿರುತ್ತದೆ. ರಿಪೇರಿ ಮಾಡಿದವರ ಹೆಸರು ಅವರ ಮನೆಯ ಹೊಸ್ತಿಲು ದಾಟಿ ಬರುವುದು ಕಡಿಮೆ.

ಆ ರಿಪೇರಿ ಕೆಲಸದಲ್ಲಿ ಒಂದೇ ಒಂದನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಜೀಪಿನ ಹಿಂದಿನ ಆಕ್ಸಲಿನ ನಡುವೆ ತೆಂಗಿನಕಾಯಿಯ ಹಾಗೆ ಗುಂಡಗೆ ಉಬ್ಬಿದ ಕಬ್ಬಿಣದ ಬುರುಡೆ ಇರುತ್ತದಲ್ಲ, ಅದಕ್ಕೆ ಹೌಸಿಂಗ್ ಎನ್ನುತ್ತಾರೆ. ಅದರೊಳಗೆ ಡಿಫರೆನ್ಷಿಯಲ್ಲನ್ನು ಹೊತ್ತು ತಿರುಗುವ ಕ್ಯಾರಿಯರ್ ಇದೆ. ಅದು ಎಳೆದರೆ ಬರುವುದಿಲ್ಲ, ಮೀಟಿದರೂ ಸುಲಭಕ್ಕೆ ಕದಲುವುದಿಲ್ಲ. ಮೊದಲ ಸಲ ನೋಡುವವರಿಗೆ ತುಕ್ಕು ಹಿಡಿದು ಅಂಟಿಕೊಂಡಿದೆ ಅನ್ನಿಸುತ್ತದೆ. ಕೆಲವೊಮ್ಮೆ ತುಕ್ಕು ಇರುವುದೂ ಉಂಟು. ಆದರೆ ತುಕ್ಕಿನ ಸುಳಿವೇ ಇಲ್ಲದ ಹೊಚ್ಚಹೊಸ ಹೌಸಿಂಗಿನಲ್ಲಿಯೂ ಅದು ಹಾಗೆಯೇ ಬಿಗಿಯಾಗಿರುತ್ತದೆ. ಹಾಗೆ ಬಿಗಿಯಾಗಿರಲೆಂದೇ ಅದನ್ನು ಮಾಡಿದ್ದಾರೆ. ಈ ಒಂದು ಮಾತು ತಿಳಿದವನ ಕೈಯಲ್ಲಿ ಜೀಪು ಬಾಳುತ್ತಿತ್ತು, ತಿಳಿಯದವನ ಕೈಯಲ್ಲಿ ಕೆಲವೇ ತಿಂಗಳಲ್ಲಿ ಕೂಗಲು ಶುರುಮಾಡುತ್ತಿತ್ತು.

ಎತ್ತಿನ ಗಾಡಿಗೆ ಬೇಡವಾದದ್ದು

ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಇಲ್ಲ, ಬೇಕಾಗಿಯೂ ಇಲ್ಲ. ಅದರ ಅಚ್ಚು ತಿರುಗುವುದಿಲ್ಲ. ಎರಡು ಚಕ್ರಗಳೂ ಅಚ್ಚಿನ ತುದಿಯಲ್ಲಿ ತಮ್ಮ ತಮ್ಮ ಪಾಡಿಗೆ ಸುತ್ತುತ್ತವೆ. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ದೂರ ಹೋಗುತ್ತದೆ, ಹೊರಗಿನದು ಹೆಚ್ಚು ದೂರ ಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಎಳೆಯುವ ಶಕ್ತಿ ಎತ್ತಿನದು, ಚಕ್ರದ್ದಲ್ಲ.

ಚಕ್ರವನ್ನೇ ಇಂಜಿನಿನಿಂದ ತಿರುಗಿಸಲು ಹೊರಟಾಗ ತೊಡಕು ಶುರುವಾಯಿತು. ಎರಡು ಚಕ್ರಗಳನ್ನೂ ಒಂದೇ ಶಾಫ್ಟಿಗೆ ಬಿಗಿದರೆ ತಿರುವಿನಲ್ಲಿ ಒಂದು ಚಕ್ರ ನೆಲಕ್ಕೆ ಉಜ್ಜಿಕೊಂಡು ಹೋಗಲೇಬೇಕು. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬವರು ಉಗಿಯಲ್ಲಿ ಓಡುವ ಗಾಡಿಗಾಗಿ ಇದಕ್ಕೆ ಉಪಾಯ ಕಂಡು 1828ರಲ್ಲಿ ಪೇಟೆಂಟ್ ಪಡೆದರು. ಶಾಫ್ಟನ್ನು ನಡುವೆ ತುಂಡು ಮಾಡಿ, ಎರಡು ತುಂಡುಗಳ ನಡುವೆ ಹಲ್ಲುಚಕ್ರಗಳನ್ನು ಇಟ್ಟರು. ಶಕ್ತಿ ಎರಡೂ ಕಡೆಗೆ ಹೋಗುತ್ತದೆ, ವೇಗ ಮಾತ್ರ ದಾರಿ ನೋಡಿಕೊಂಡು ಹಂಚಿಹೋಗುತ್ತದೆ. ಒಂದು ಚಕ್ರ ಹತ್ತು ಸುತ್ತು ಕಡಿಮೆ ಮಾಡಿದರೆ ಇನ್ನೊಂದು ಹತ್ತು ಸುತ್ತು ಹೆಚ್ಚು ಮಾಡುತ್ತದೆ. ಎರಡರ ಸರಾಸರಿ ಎಷ್ಟೋ, ಅಷ್ಟೇ ಸುತ್ತು ನಡುವಿನ ಕ್ಯಾರಿಯರಿನದ್ದು.

ಸುಮಾರು ಐವತ್ತು ವರ್ಷಗಳ ಮೇಲೆ, 1877ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಇದೇ ತತ್ವವನ್ನು ಪೆಡಲ್ ತುಳಿಯುವ ಗಾಡಿಗೆ ತಂದರು. ಅಪ್ಪ, ಮಗ ಪಕ್ಕಪಕ್ಕ ಕೂತು ತುಳಿಯುವ ಗಾಡಿಯಲ್ಲಿ ಮಗನ ಕಾಲಿನ ಬಲ ಜಾಸ್ತಿಯಾಗಿ ಗಾಡಿ ಒಂದೇ ಕಡೆಗೆ ಎಳೆಯುತ್ತಿತ್ತು, ಅದರಿಂದ ಅವರಿಗೆ ಈ ಯೋಚನೆ ಹೊಳೆಯಿತು ಎಂಬ ಕತೆ ಪ್ರಚಾರದಲ್ಲಿದೆ. ಅಲ್ಲಿಂದ ಮುಂದೆ ಮೋಟಾರು ಕಾರಿಗೆ ಅದು ಬಂದದ್ದು ಒಂದೇ ಹೆಜ್ಜೆ.

ಯುದ್ಧದಿಂದ ಗುಡ್ಡೆಗೆ

1940ರಲ್ಲಿ ಅಮೆರಿಕದ ಸೇನೆಗೆ ನಾಲ್ಕೂ ಚಕ್ರ ಎಳೆಯುವ ಹಗುರವಾದ ಒಂದು ಗಾಡಿ ಬೇಕಿತ್ತು. ಬ್ಯಾಂಟಮ್ ಎಂಬ ಸಣ್ಣ ಕಂಪನಿಗೆ ಕಾರ್ಲ್ ಪ್ರಾಬ್ಸ್ಟ್ ಎಂಬ ಇಂಜಿನಿಯರ್ ಅದರ ನಕ್ಷೆ ಬರೆದುಕೊಟ್ಟರು, ಆ ವರ್ಷದ ಸೆಪ್ಟೆಂಬರಿನಲ್ಲಿ ಮೊದಲ ಗಾಡಿ ಸೇನೆಯ ಕೈಸೇರಿತು. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಯುದ್ಧ ಮುಗಿಯುವುದರೊಳಗೆ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಅದರ ಆಕ್ಸಲುಗಳು ಸ್ಪೈಸರ್ ಹೆಸರಿನವು. ಈ ಸಂಸ್ಥೆಯೇ 1946ರಲ್ಲಿ ಡಾನಾ ಎಂದು ಹೆಸರು ಬದಲಿಸಿಕೊಂಡಿತು. ಇವತ್ತಿಗೂ ಜೀಪಿನವರು 'ಡಾನಾ 44' ಎಂದು ಹೇಳುವುದು ಆ ಹೆಸರಿನಿಂದ.

ಜೀಪಿಗೆ ಹಿಂದೆ ಒಂದು, ಮುಂದೆ ಒಂದು, ಎರಡು ಡಿಫರೆನ್ಷಿಯಲ್. ಕಾರು ಡಾಮರು ರಸ್ತೆಯಲ್ಲಿ ಓಡುವಂಥದ್ದು, ಜೀಪು ಕಲ್ಲು, ಕೆಸರು, ತೋಡು ದಾಟುವಂಥದ್ದು. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಗಿರಗಿರ ಸುತ್ತುತ್ತಿರುವಾಗ ಫಕ್ಕನೆ ಗಟ್ಟಿ ನೆಲ ಸಿಕ್ಕಿದರೆ ಆ ಪೆಟ್ಟೆಲ್ಲ ಬೀಳುವುದು ಡಿಫರೆನ್ಷಿಯಲಿನ ಹಲ್ಲಿಗೆ. ಅದಕ್ಕೇ ದಾರಿಯಿಲ್ಲದ ದಾರಿಯಲ್ಲಿ ಓಡುವ ಗಾಡಿಯ ಹೌಸಿಂಗನ್ನು ಕಾರಿನದಕ್ಕಿಂತ ಹೆಚ್ಚು ಸಲ ಬಿಚ್ಚಬೇಕಾಗುತ್ತದೆ.

ನಮ್ಮ ದೇಶಕ್ಕೆ ಜೀಪು ಬಂದದ್ದು ಎರಡು ದಾರಿಯಲ್ಲಿ. ಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ ಗಾಡಿಗಳು ಒಂದು. ಇನ್ನೊಂದು ಮಹೀಂದ್ರ. ಆ ಕಂಪನಿ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದಾಗ ಅದರ ಹೆಸರು ಮಹೀಂದ್ರ ಆಂಡ್ ಮೊಹಮ್ಮದ್. ಆ ಮೊಹಮ್ಮದ್ ಅಂದರೆ ಮಲಿಕ್ ಗುಲಾಂ ಮೊಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಆದರು. ಇಲ್ಲಿ ಉಳಿದ ಮಹೀಂದ್ರ ಸಹೋದರರು 1948ರಲ್ಲಿ ಕಂಪನಿಯ ಹೆಸರನ್ನು ಮಹೀಂದ್ರ ಆಂಡ್ ಮಹೀಂದ್ರ ಎಂದು ಬದಲಿಸಿದರು. 1949ರಲ್ಲಿ ವಿಲ್ಲಿಸ್ ಕಂಪನಿಯ 75 ಗಾಡಿಗಳು ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದವು. ಅಮೆರಿಕದಲ್ಲಿ 1953ರಲ್ಲಿ ಹೊರಬಂದ ಸಿಜೆ-3ಬಿ ಎಂಬ ಎತ್ತರ ಮೂತಿಯ ಜೀಪು ಭಾರತದಲ್ಲಿ ಮುಂದೆ ದಶಕಗಳ ಕಾಲ ತಯಾರಾಯಿತು. ನಮ್ಮ ಗುಡ್ಡೆಗಳಲ್ಲಿ ಓಡಿದ ಹಳೆಯ ಜೀಪುಗಳು ಇದರ ಸಂತಾನ.

ಅದರ ಹಿಂದಿನ ಆಕ್ಸಲಿನಲ್ಲಿ ದೊಡ್ಡ ಹಲ್ಲುಚಕ್ರಕ್ಕೆ 43 ಹಲ್ಲು, ಸಣ್ಣದಕ್ಕೆ 8. ದೊಡ್ಡದು ಕ್ರೌನ್, ಸಣ್ಣದು ಪಿನಿಯನ್. ಪ್ರೊಪೆಲ್ಲರ್ ಶಾಫ್ಟ್ 43 ಸುತ್ತು ಹಾಕಿದರೆ ಚಕ್ರ 8 ಸುತ್ತು. ಯುದ್ಧಕಾಲದ ಜೀಪಿನಲ್ಲಿ ಇದು 39ಕ್ಕೆ 8 ಇತ್ತು. ನಾಗರಿಕರ ಜೀಪು ಉಳಬೇಕು, ಎಳೆಯಬೇಕು ಎಂಬ ಲೆಕ್ಕದಲ್ಲಿ ವೇಗ ಸ್ವಲ್ಪ ತಗ್ಗಿಸಿ ಎಳೆತ ಹೆಚ್ಚಿಸಿದರು. ತುಂಬಿದ ಜೀಪು ಗುಡ್ಡೆ ಹತ್ತಿದ್ದು ಈ ಲೆಕ್ಕದಿಂದ.

ಎರಡು ಬಗೆಯ ಹೌಸಿಂಗ್

ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ಕ್ಯಾರಿಯರನ್ನು ಹೌಸಿಂಗಿನಲ್ಲಿ ಕೂರಿಸಲು ಎರಡು ಪದ್ಧತಿ ಬೆಳೆದವು.

ಒಂದರಲ್ಲಿ ಕ್ರೌನ್, ಪಿನಿಯನ್, ಕ್ಯಾರಿಯರ್ ಎಲ್ಲವೂ ಒಂದು ಪ್ರತ್ಯೇಕ ತುಂಡಿನಲ್ಲಿ ಕೂತಿರುತ್ತವೆ. ಮುಂಭಾಗದ ಬೋಲ್ಟು ಬಿಚ್ಚಿದರೆ ಇಡೀ ಗಂಟು ಒಟ್ಟಿಗೆ ಹೊರಗೆ ಬರುತ್ತದೆ. ಅದನ್ನು ಮೇಜಿನ ಮೇಲಿಟ್ಟು, ಬೆಳಕಿನಲ್ಲಿ, ಕೂತುಕೊಂಡು ಕೆಲಸ ಮಾಡಬಹುದು. ಲಾರಿಗಳಲ್ಲಿ ಇದೇ ಹೆಚ್ಚು. ಟೊಯೊಟಾ ಲ್ಯಾಂಡ್ ಕ್ರೂಸರಿನ ಹಿಂದಿನ ಆಕ್ಸಲ್ ಕೂಡ ಈ ಬಗೆಯದು. ಗಲ್ಫಿನ ವರ್ಕ್‌ಶಾಪುಗಳಲ್ಲಿ ದುಡಿದು ಬಂದ ನಮ್ಮವರಿಗೆ ಪರಿಚಯವಿರುವುದು ಇದು. ಅದರಲ್ಲಿ ಬೇರಿಂಗಿನ ಬಿಗಿ ಕೂಡಿಸಲು ಎರಡು ಬದಿಯಲ್ಲಿ ಮರೆಯಿರುವ ದೊಡ್ಡ ನಟ್ಟುಗಳಿವೆ, ತಿರುಗಿಸಿ ಬಿಗಿ ಮಾಡಬಹುದು, ಸಡಿಲ ಮಾಡಬಹುದು.

ಇನ್ನೊಂದು ಜೀಪಿನ ಪದ್ಧತಿ. ಇದಕ್ಕೆ ಸಾಲಿಸ್‌ಬರಿ ಬಗೆ ಎನ್ನುತ್ತಾರೆ. ಆ ಹೆಸರಿನ ಆಕ್ಸಲ್ ಕಂಪನಿಯನ್ನು ಸ್ಪೈಸರ್ 1919ರಲ್ಲಿ ಕೊಂಡುಕೊಂಡಿತ್ತು. ಇದರಲ್ಲಿ ಹೌಸಿಂಗೇ ಎರಕದ ಒಂದು ಗಟ್ಟಿ ಬುರುಡೆ. ಎರಡು ಬದಿಗೆ ಆಕ್ಸಲಿನ ಕೊಳವೆಗಳು ಅದರೊಳಗೆ ತೂರಿ ಕೂತಿವೆ. ಕ್ಯಾರಿಯರನ್ನು ಹಿಂದಿನ ಮುಚ್ಚಳ ತೆಗೆದು ಅಲ್ಲಿಂದಲೇ ಹೊರಗೆ ಎಳೆಯಬೇಕು, ಗಾಡಿಯ ಅಡಿಯಲ್ಲಿ ಮಲಗಿಕೊಂಡೇ. ಬಿಗಿ ಕೂಡಿಸಲು ತಿರುಗಿಸುವ ನಟ್ಟು ಇಲ್ಲ. ಬದಲಿಗೆ ಬೇರಿಂಗಿನ ಹಿಂದೆ ಕಾಗದದಷ್ಟು ತೆಳುವಾದ ಉಕ್ಕಿನ ಬಳೆಗಳಿವೆ. ಅವೇ ಶಿಮ್.

ಲ್ಯಾಂಡ್ ರೋವರ್ ಗಾಡಿಗಳಲ್ಲಿ ಈ ಎರಡು ಬಗೆಯೂ ಕಾಣಸಿಗುತ್ತವೆ. ಗಿಡ್ಡ ಗಾಡಿಗೆ ಒಟ್ಟಿಗೆ ಹೊರಬರುವ ಬಗೆ, ಹೆಚ್ಚು ಭಾರ ಹೊರುವ ಉದ್ದ ಗಾಡಿಯ ಹಿಂಬದಿಗೆ ಮುಂದೆ ಸಾಲಿಸ್‌ಬರಿ ಬಗೆ. ಅಂದರೆ ರಿಪೇರಿಗೆ ಸುಲಭವಾದದ್ದು ಒಂದು, ಹೊರೆಗೆ ಗಟ್ಟಿಯಾದದ್ದು ಇನ್ನೊಂದು. ಜೀಪು ಮಾಡಿದವರು ಗಟ್ಟಿಯನ್ನು ಆರಿಸಿಕೊಂಡರು. ಅದರ ಬೆಲೆ ತೆತ್ತವನು ಅಡಿಯಲ್ಲಿ ಮಲಗಿದ ಮೆಕ್ಯಾನಿಕ್.

ಯಾಕೆ ಅಷ್ಟು ಬಿಗಿ

ಕ್ಯಾರಿಯರಿನ ಎರಡು ಬದಿಗೂ ಟೇಪರ್ ಬೇರಿಂಗ್ ಇದೆ. ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಕುದುರೆಗಾಡಿ ಮಾಡುತ್ತಿದ್ದ ಹೆನ್ರಿ ಟಿಮ್‌ಕೆನ್ 1898ರಲ್ಲಿ ಪೇಟೆಂಟ್ ಪಡೆದ ಬೇರಿಂಗ್ ಅದು. ಅದರ ರೋಲರುಗಳು ಒಂದು ತುದಿಗೆ ಸಪೂರ. ಒಳಗಿನ ಭಾಗ ಕೋನ್, ಹೊರಗಿನದು ಕಪ್. ಒಂದು ಲೋಟದೊಳಗೆ ಇನ್ನೊಂದು ಲೋಟ ಕೂತ ಹಾಗೆ ಕೋನ್ ಕಪ್ಪಿನೊಳಗೆ ಕೂರುತ್ತದೆ. ಮೇಲಿಂದ ಬರುವ ಭಾರವನ್ನೂ ಬದಿಯಿಂದ ಬರುವ ತಳ್ಳುವಿಕೆಯನ್ನೂ ಅದು ತಡೆಯುತ್ತದೆ. ಆದರೆ ಒಂದು ಶರ್ತ: ಲೋಟಗಳು ಒತ್ತಿಕೊಂಡಿರಬೇಕು. ಸಡಿಲವಾದರೆ ಅಲುಗಾಡುತ್ತವೆ.

ಪಿನಿಯನ್ ಕ್ರೌನನ್ನು ತಿರುಗಿಸುವಾಗ ಬರೇ ತಿರುಗಿಸುವುದಿಲ್ಲ, ತನ್ನಿಂದ ದೂರಕ್ಕೂ ತಳ್ಳುತ್ತದೆ. ತುಂಬಿದ ಜೀಪು ಏರು ಹತ್ತುವಾಗ ಆ ತಳ್ಳುವಿಕೆಗೆ ಕ್ಯಾರಿಯರ್ ಕೂದಲೆಳೆಯಷ್ಟು ಸರಿದರೂ ಹಲ್ಲು ಹಲ್ಲನ್ನು ಸಿಗಬೇಕಾದ ಜಾಗದಲ್ಲಿ ಸಿಗುವುದಿಲ್ಲ. ತುದಿಗೆ ಭಾರ ಬಿದ್ದ ಹಲ್ಲು ಇವತ್ತಲ್ಲ ನಾಳೆ ಮುರಿಯುತ್ತದೆ. ಹಾಗಾಗಬಾರದೆಂದು ಹೌಸಿಂಗಿನ ಜಾಗಕ್ಕಿಂತ ಕ್ಯಾರಿಯರನ್ನು ಸ್ವಲ್ಪ ಅಗಲವಾಗಿಯೇ ಮಾಡುತ್ತಾರೆ. ಬೇರಿಂಗ್ ಅಲುಗಾಡದಷ್ಟು ಶಿಮ್ ಹಾಕಿದ ಮೇಲೆ ಇನ್ನೂ ಇಂಚಿನ ಸಾವಿರದಲ್ಲಿ 8 ಭಾಗದಷ್ಟು, ಅಂದರೆ ಸುಮಾರು 0.2 ಮಿ.ಮೀ., ಹೆಚ್ಚಿಗೆ ಶಿಮ್ ಹಾಕಬೇಕೆಂದು ವಿಲ್ಲಿಸ್ ಕಂಪನಿಯ ಕೈಪಿಡಿ ಹೇಳುತ್ತಿತ್ತು. ಎರಡು ಕಾಗದದ ದಪ್ಪ. ಅಷ್ಟು ಅಗಲವಾದದ್ದನ್ನು ಒಳಗೆ ಕೂರಿಸಿದರೆ ಆ ಗಟ್ಟಿ ಎರಕದ ಬುರುಡೆಯೂ ಒಂದಿಷ್ಟು ಅರಳಿಕೊಂಡು, ಸ್ಪ್ರಿಂಗಿನ ಹಾಗೆ ಎರಡು ಕಡೆಯಿಂದ ಒತ್ತಿ ಹಿಡಿಯುತ್ತದೆ.

ಮೆಕ್ಯಾನಿಕ್ ಕೈಗೆ ಸಿಗುವ ಬಿಗಿ ಇದೇ. ಕಬ್ಬಿಣ ಅದನ್ನು ಅಪ್ಪಿ ಹಿಡಿದಿದೆ.

ನಮ್ಮ ಕರಾವಳಿಯ ಮಳೆಗಾಲ ಇದರ ಮೇಲೆ ತನ್ನದನ್ನೂ ಸೇರಿಸುತ್ತದೆ. ಗುಡ್ಡೆ ಹತ್ತಿ ಬಿಸಿಯಾದ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಆಡಲೆಂದು ಮೇಲೆ ಇಟ್ಟಿರುವ ಸಣ್ಣ ರಂಧ್ರ ಮಣ್ಣು ತುಂಬಿ ಮುಚ್ಚಿದ್ದರೆ ಸೀಲಿನ ಸಂದಿನಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಎಣ್ಣೆ ಹಾಲು ಹಾಕಿದ ಚಾದ ಬಣ್ಣಕ್ಕೆ ತಿರುಗುತ್ತದೆ. ಅಂಥ ಗಾಡಿ ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತರೆ ಬೇರಿಂಗಿನ ಕಪ್ಪು ಹೌಸಿಂಗಿಗೆ ತುಕ್ಕಿನಿಂದಲೂ ಅಂಟುತ್ತದೆ. ಆಗ ಬಿಗಿ ಎರಡು ಪಟ್ಟು. ತುಕ್ಕಿಗೆ ಎಣ್ಣೆ ಬಿಟ್ಟು ಕಾಯುವುದು ಮದ್ದು. ಅಪ್ಪುಗೆಗೆ ಆ ಮದ್ದು ತಾಗುವುದಿಲ್ಲ. ಯಾವ ಬಿಗಿ ಯಾವುದರಿಂದ ಬಂದದ್ದು ಎಂದು ಗುರುತಿಸುವುದೇ ಈ ಕೆಲಸದ ಅರ್ಧ ವಿದ್ಯೆ.

ಹೊರಗೆ ತೆಗೆಯುವುದು

ಕಂಪನಿಯ ಕೈಪಿಡಿಯಲ್ಲಿ ಇದಕ್ಕೆ ಒಂದು ಸಲಕರಣೆ ಹೇಳಿದ್ದಾರೆ. ಹೌಸಿಂಗಿನ ಎರಡು ಬದಿಯ ತೂತುಗಳಿಗೆ ಸಿಕ್ಕಿಸಿ, ತಿರುಪು ತಿರುಗಿಸಿ, ಬುರುಡೆಯನ್ನೇ ಮೆಲ್ಲನೆ ಅಗಲಿಸುವ ಚೌಕಟ್ಟು. ಅದಕ್ಕೂ ಮಿತಿಯಿದೆ: ಇಂಚಿನ ಸಾವಿರದಲ್ಲಿ 20 ಭಾಗ, ಅರ್ಧ ಮಿ.ಮೀ. ಅದಕ್ಕಿಂತ ಹೆಚ್ಚು ಅಗಲಿಸಿದರೆ ಎರಕ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಅಳೆಯಲು ಡಯಲ್ ಗೇಜು ಬೇಕು.

ಗಾಡಿ ಹಳ್ಳಿಗೆ ಬಂತು. ಆ ಚೌಕಟ್ಟು ಹಳ್ಳಿಯ ಗ್ಯಾರೇಜಿಗೆ ಬರುವುದು ಅಪರೂಪ. ಇಂಗ್ಲಿಷ್ ಕೈಪಿಡಿ ಬಂದರೂ ಓದುವವರು ಕಡಿಮೆ. ಇದ್ದದ್ದು ಹಾರೆ, ಜಾಕಿ, ಮರದ ಕೊಡತಿ, ಹಿತ್ತಾಳೆಯ ತುಂಡು ಮತ್ತು ನೋಡಿ ಕಲಿತ ಕೈ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಕೆಲಸದ ಕ್ರಮ ಹೀಗೆ. ಗಾಡಿಯನ್ನು ಎತ್ತಿ, ಜಾಕಿಯನ್ನು ನಂಬದೆ ಗಟ್ಟಿ ಊರೆ ಕೊಟ್ಟು ನಿಲ್ಲಿಸಬೇಕು. ಎಣ್ಣೆ ಇಳಿಸಿ, 10 ಬೋಲ್ಟಿನ ಹಿಂದಿನ ಮುಚ್ಚಳ ತೆಗೆಯಬೇಕು. ಎರಡು ಬದಿಯ ಆಕ್ಸಲ್ ಶಾಫ್ಟುಗಳನ್ನು ಹೊರಗೆ ಎಳೆಯದೆ ಕ್ಯಾರಿಯರ್ ಅಲುಗುವುದಿಲ್ಲ, ಯಾಕೆಂದರೆ ಅವುಗಳ ತುದಿ ಕ್ಯಾರಿಯರಿನ ಒಳಗೇ ಇದೆ. ಹಳೆಯ ಜೀಪಿನಲ್ಲಿ ಹಬ್ಬು ಶಾಫ್ಟಿನ ಸಪೂರಾದ ತುದಿಗೆ ಕಚ್ಚಿಕೊಂಡಿರುತ್ತದೆ, ಅದಕ್ಕೆ ಬೇರೆಯೇ ಒಂದು ಗಟ್ಟಿ ಪುಲ್ಲರ್ ಬೇಕು.

ಆಮೇಲೆ ಬರುವುದು ಬೇರಿಂಗನ್ನು ಹಿಡಿದಿರುವ ಎರಡು ಕ್ಯಾಪುಗಳು. ಇವು ನೋಡಲು ಅವಳಿ ಮಕ್ಕಳ ಹಾಗೆ, ಆದರೆ ಅದಲುಬದಲು ಮಾಡಬಾರದು. ಕಾರ್ಖಾನೆಯಲ್ಲಿ ಕ್ಯಾಪು ಬಿಗಿದ ಮೇಲೆಯೇ ಆ ತೂತನ್ನು ಕೊರೆದದ್ದು, ಆದ್ದರಿಂದ ಒಂದೊಂದು ಕ್ಯಾಪು ತನ್ನ ಜಾಗಕ್ಕೆ ಮಾತ್ರ ಸರಿ. ಅದಕ್ಕೆಂದೇ ಕ್ಯಾಪಿನ ಮೇಲೂ ಹೌಸಿಂಗಿನ ಮೇಲೂ ಅಕ್ಷರ ಹೊಡೆದಿರುತ್ತಾರೆ, ಒಂದು ಬದಿಯಲ್ಲಿ ಅಕ್ಷರ ನೆಟ್ಟಗೆ, ಇನ್ನೊಂದು ಬದಿಯಲ್ಲಿ ಅಡ್ಡಕ್ಕೆ. ಇಂಗ್ಲಿಷ್ ಓದಲು ಬಾರದವನಿಗೂ ಅಕ್ಷರ ನಿಂತಿದೆಯೋ ಮಲಗಿದೆಯೋ ಎಂಬುದು ಕಾಣುತ್ತದೆ. ಅಕ್ಷರ ಸವೆದಿದ್ದರೆ ಸೆಂಟರ್ ಪಂಚಿನಿಂದ ಒಂದು ಬದಿಗೆ ಒಂದು ಚುಕ್ಕೆ, ಇನ್ನೊಂದು ಬದಿಗೆ ಎರಡು ಚುಕ್ಕೆ ಹಾಕಿಕೊಂಡರಾಯಿತು.

ಕ್ಯಾಪು ತೆಗೆದರೂ ಕ್ಯಾರಿಯರ್ ಬೀಳುವುದಿಲ್ಲ. ಹೊಸಬನಿಗೆ ಗಾಬರಿಯಾಗುವುದು ಇಲ್ಲಿ. ಅನುಭವಸ್ಥನಿಗೆ ಸಮಾಧಾನ ಆಗುವುದೂ ಇಲ್ಲಿಯೇ: ಬಿಗಿ ಇನ್ನೂ ಉಳಿದಿದೆ ಎಂದರ್ಥ. ಅವನು ಕ್ಯಾಪುಗಳನ್ನು ಮತ್ತೆ ಎರಡು ಮೂರು ಮರೆಯಷ್ಟು ಮಾತ್ರ ತಿರುಗಿಸಿ ಬಿಡುತ್ತಾನೆ. ಕ್ಯಾರಿಯರ್ ಫಕ್ಕನೆ ಕಳಚಿಕೊಂಡರೆ ಎದೆಯ ಮೇಲೆ ಬೀಳಬಾರದಲ್ಲ. ಬೆರಳು ಜಜ್ಜಲು ಅದರ ಭಾರ ಧಾರಾಳ ಸಾಕು.

ಮೀಟುವಾಗ ಎರಡು ಹಾರೆ ಬೇಕು, ಎರಡು ಬದಿಗೂ ಸಮನಾಗಿ. ಕ್ಯಾರಿಯರ್ ಓರೆಯಾಗಿ ಸಿಕ್ಕಿಕೊಂಡರೆ ಹಾರೆಗೆ ಬಲ ಕೊಟ್ಟಷ್ಟೂ ಅದು ಇನ್ನೂ ಬಿಗಿಯುತ್ತದೆ. ಹಾರೆ ಊರುವ ಜಾಗದಲ್ಲಿ ಮರದ ತುಂಡು ಇಡಬೇಕು, ಇಲ್ಲದಿದ್ದರೆ ಮುಚ್ಚಳ ಕೂರುವ ನಯವಾದ ಅಂಚಿಗೆ ಗಾಯವಾಗಿ ಮುಂದೆ ಎಣ್ಣೆ ಸೋರುತ್ತದೆ. ಕ್ರೌನಿನ ಹಲ್ಲಿಗೆ ಹಾರೆ ಊರಲೇಬಾರದು. ಇನ್ನೊಂದು ಉಪಾಯವೂ ಇದೆ. ಕ್ರೌನ್ ಮತ್ತು ಪಿನಿಯನ್ ಹಲ್ಲು ಕೂಡುವಲ್ಲಿ ದಪ್ಪ ಬಟ್ಟೆಯನ್ನು ಮಡಚಿ ಇಟ್ಟು, ಪಿನಿಯನ್ನನ್ನು ಪಾನದಿಂದ ಮೆಲ್ಲಗೆ ತಿರುಗಿಸುವುದು. ಬಟ್ಟೆ ನುಂಗಿದ ಹಲ್ಲು ಕ್ರೌನನ್ನು ಹೊರಗೆ ತಳ್ಳುತ್ತದೆ. 43ಕ್ಕೆ 8ರ ಲೆಕ್ಕ ಇಲ್ಲಿ ಮೆಕ್ಯಾನಿಕ್ ಪರವಾಗಿ ಕೆಲಸ ಮಾಡುತ್ತದೆ, ಕೈಯ ಸಣ್ಣ ಬಲ ಐದು ಪಟ್ಟು ಆಗುತ್ತದೆ. ಮುರಿದ ಹಲ್ಲಿನ ಕ್ರೌನಿಗೆ ಈ ಉಪಾಯ ಹೇಳಿದ್ದಲ್ಲ.

ತಾಳ್ಮೆ ತಪ್ಪಿದರೆ ಏನಾಗುತ್ತದೆ ಎಂಬುದೂ ಗೊತ್ತಿದ್ದದ್ದೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಉಕ್ಕಿನ ಸುತ್ತಿಗೆಯಿಂದ ಹೊಡೆದರೆ ಬೇರಿಂಗಿನ ಕಪ್ಪು ಚೂರಾಗುತ್ತದೆ. ಗ್ಯಾಸ್ ಬೆಂಕಿ ಹಿಡಿದರೆ ಕಾರ್ಖಾನೆಯಲ್ಲಿ ಹದ ಕೊಟ್ಟು ಗಡುಸು ಮಾಡಿದ ಉಕ್ಕು ಮೆತ್ತಗಾಗುತ್ತದೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಸವೆತ ಆರಂಭವಾಗುವುದು ಆಮೇಲೆ.

ಮರಳಿ ಕೂರಿಸುವುದು

ತೆಗೆಯಲು ಬಲ ಬೇಕು, ಕೂರಿಸಲು ಲೆಕ್ಕ ಬೇಕು. ಬೇರಿಂಗ್ ಬದಲಾಯಿಸುವುದಾದರೆ ಅದರ ಅಡಿಯ ಶಿಮ್‌ಗಳನ್ನು ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಎಂದು ಬೇರೆಬೇರೆ ಕಟ್ಟಿ ಇಡಬೇಕು. ಎರಡೂ ಸೇರಿದ ದಪ್ಪ ಬಿಗಿಯನ್ನು ತೀರ್ಮಾನಿಸುತ್ತದೆ. ಯಾವ ಬದಿಗೆ ಎಷ್ಟು ಎಂಬುದು ಕ್ರೌನ್ ಪಿನಿಯನ್ನಿಗೆ ಎಷ್ಟು ಹತ್ತಿರ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಹಲ್ಲು ಹಲ್ಲಿನ ನಡುವೆ ಇಂಚಿನ ಸಾವಿರದಲ್ಲಿ 5ರಿಂದ 7 ಭಾಗದಷ್ಟು ಸಂದು ಇರಬೇಕು. ಇದೂ ಒಂದೂವರೆ ಕಾಗದದ ದಪ್ಪ. ಎಡ, ಬಲ ಕಲಸಿಹೋದರೆ ಬಿಗಿ ಸರಿಯಿದ್ದೂ ಹಲ್ಲು ತಪ್ಪುತ್ತದೆ.

ಹೌಸಿಂಗಿನ ಗುಳಿಗಳನ್ನು ಒರಸಿ, ತುಕ್ಕು ಕೆರೆದು, ಕಪ್ಪುಗಳನ್ನು ಕೋನಿನ ಮೇಲೆ ಇಟ್ಟು, ಎಣ್ಣೆ ಸವರಿ ಇಡೀ ಗಂಟನ್ನು ಒಟ್ಟಿಗೆ ಎತ್ತಬೇಕು. ಮೇಲ್ತುದಿಯನ್ನು ಮೊದಲು ಓರೆ ಮಾಡಿ ಸಿಕ್ಕಿಸಿ, ಎರಡು ಕಪ್ಪುಗಳನ್ನೂ ಸಮಕ್ಕೆ ತಂದು, ಕೊಡತಿಯಿಂದ ಒಮ್ಮೆ ಆಚೆ ಒಮ್ಮೆ ಈಚೆ ಮೆಲ್ಲಗೆ ಬಡಿಯುತ್ತ ಹೋಗಬೇಕು. ಚೌಕಟ್ಟು ಇಲ್ಲದವರಿಗೆ ಕಬ್ಬಿಣದ ಗುಣವೇ ಸಹಾಯ. 20 ಸೆಂ.ಮೀ. ಅಂತರದ ಕಬ್ಬಿಣ 40 ಡಿಗ್ರಿ ಬಿಸಿಯಾದರೆ ಸುಮಾರು 0.09 ಮಿ.ಮೀ. ಹಿಗ್ಗುತ್ತದೆ. ಹೌಸಿಂಗಿಗೆ ಒಂದಷ್ಟು ಹೊತ್ತು ದೊಡ್ಡ ಬಲ್ಬಿನ ಬಿಸಿ ಕೊಟ್ಟು, ಕ್ಯಾರಿಯರನ್ನು ತಂಪಿನಲ್ಲಿ ಇಟ್ಟರೆ ಬೇಕಾದ 0.2 ಮಿ.ಮೀ.ನಲ್ಲಿ ಅರ್ಧದಷ್ಟು ದಾರಿ ಅಲ್ಲಿಗೇ ಸಿಕ್ಕಿತು. ಕೈಯಲ್ಲಿ ಹಿಡಿಯಬಹುದಾದಷ್ಟು ಬಿಸಿ ಸಾಕು, ಬೆಂಕಿ ಬೇಡ.

ಇಲ್ಲಿ ಒಂದು ಎಚ್ಚರಿಕೆ. ಕ್ಯಾರಿಯರ್ ಯಾವ ತಕರಾರೂ ಇಲ್ಲದೆ ಸಲೀಸಾಗಿ ಒಳಗೆ ಹೋದರೆ ಸಂತೋಷಪಡಬಾರದು. ಶಿಮ್ ಕಡಿಮೆಯಾಗಿದೆ, ಇಲ್ಲವೇ ಬೇರಿಂಗ್ ಸವೆದಿದೆ, ಇಲ್ಲವೇ ಹೌಸಿಂಗಿನ ಗುಳಿ ಹಿಗ್ಗಿದೆ. 'ಕಷ್ಟಪಡದೆ ಕೂತಿತು' ಎಂದು ಹಾಗೆಯೇ ಮುಚ್ಚಳ ಹಾಕಿದ ಗಾಡಿ ಮೊದಲಿಗೆ ಇಳಿಜಾರಿನಲ್ಲಿ ಕಾಲು ಬಿಟ್ಟಾಗ ಗುಂಯ್ ಎನ್ನುತ್ತದೆ, ಆಮೇಲೆ ಏರಿನಲ್ಲಿಯೂ ಕೂಗುತ್ತದೆ. ಕೊನೆಗೆ ಮುರಿದ ಹಲ್ಲಿನ ತುಂಡು ಕ್ರೌನಿಗೂ ಪಿನಿಯನ್ನಿಗೂ ನಡುವೆ ಸಿಕ್ಕಿದರೆ ಹಿಂದಿನ ಚಕ್ರ ಎರಡೂ ಒಮ್ಮೆಗೇ ಕಟ್ಟಿಕೊಳ್ಳುತ್ತವೆ. ಮಳೆಗಾಲ, ಇಳಿಜಾರು, ಒಂದು ಬದಿ ಬರೆ, ಇನ್ನೊಂದು ಬದಿ ಹೊಂಡ, ಒಳಗೆ ಹತ್ತು ಹನ್ನೆರಡು ಜನ. ಎರಡು ಕಾಗದದ ದಪ್ಪದ ಮೇಲೆ ನಿಂತಿದ್ದದ್ದು ಅವರ ಪ್ರಾಣ.

ಕ್ಯಾಪು ಬಿಗಿದ ಮೇಲೆ ಹಲ್ಲಿಗೆ ಎಣ್ಣೆಯಲ್ಲಿ ಕಲಸಿದ ಬಣ್ಣ ಹಚ್ಚಿ ತಿರುಗಿಸಿ ನೋಡುವುದು ಕೊನೆಯ ಪರೀಕ್ಷೆ. ಬಣ್ಣ ಹಲ್ಲಿನ ನಡುವೆ ಅಳಿಸಿದ್ದರೆ ಸರಿ, ತುದಿಗೋ ಬುಡಕ್ಕೋ ಸರಿದಿದ್ದರೆ ಮತ್ತೆ ಬಿಚ್ಚಬೇಕು. ಮತ್ತೆ ಅಂದರೆ ಮೊದಲಿಂದ, ಅಷ್ಟೂ ಬಿಗಿಯನ್ನು ಇನ್ನೊಮ್ಮೆ ಎದುರಿಸಿ. ಹೊಸ ಎಣ್ಣೆ ಹಾಕಿ ಒಂದಷ್ಟು ದೂರ ಓಡಿಸಿ ಹೌಸಿಂಗ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಒಳ್ಳೆಯದು. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬಿಗಿ ಅತಿಯಾಗಿದೆ.

ಕೈಯಿಂದ ಕೈಗೆ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದುವರೆಗೆ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ರಸ್ತೆಗಳಾಗಿದ್ದವು ಎರಡು ರಾಜ್ಯದ ರಸ್ತೆಗಳಾದವು. ಈಗ ಈಚೆಯ ಗಾಡಿಗೆ ಕೆಎಲ್ 14, ಆಚೆಯ ಗಾಡಿಗೆ ಕೆಎ 19 ಅಥವಾ 21. ನಂಬರ್ ಪ್ಲೇಟು ಬೇರೆಯಾಯಿತು, ತೆರಿಗೆ ಬೇರೆಯಾಯಿತು, ಶಾಲೆಯ ಭಾಷೆಯ ಜಗಳ ಶುರುವಾಯಿತು. ಹೌಸಿಂಗಿನೊಳಗಿನ ಲೆಕ್ಕ ಮಾತ್ರ ಎರಡು ಕಡೆಯೂ 43ಕ್ಕೆ 8.

ಗ್ಯಾರೇಜಿನ ಮಾತೂ ಹಾಗೆಯೇ ಗಡಿ ನೋಡಲಿಲ್ಲ. ಮೇಸ್ತ್ರಿಯ ಜೊತೆ ಕನ್ನಡ, ಗಿರಾಕಿಯ ಜೊತೆ ತುಳು ಅಥವಾ ಮಲಯಾಳಂ, ಮನೆಯವರ ಜೊತೆ ಬ್ಯಾರಿ. ಅದರೊಳಗೆ ಕ್ರೌನ್, ಪಿನಿಯನ್, ಶಿಮ್, ಬೇರಿಂಗ್ ಎಂಬ ಇಂಗ್ಲಿಷ್ ಪದಗಳು ಎಷ್ಟು ಬೆರೆತವೆಂದರೆ ಅವು ಹೊರಗಿನವು ಎಂದು ಯಾರಿಗೂ ಅನ್ನಿಸುವುದಿಲ್ಲ. ಉತ್ತರದ ಗ್ಯಾರೇಜುಗಳಲ್ಲಿ ಹಿರಿಯ ಮೆಕ್ಯಾನಿಕ್‌ಗೆ ಉಸ್ತಾದ್ ಎನ್ನುತ್ತಾರೆ. ನಮ್ಮಲ್ಲಿ ಉಸ್ತಾದ್ ಅಂದರೆ ಮದರಸದಲ್ಲಿ ಕಲಿಸುವವರು. ಗ್ಯಾರೇಜಿನಲ್ಲಿ ಕಲಿಸಿದವರಿಗೆ ಮೇಸ್ತ್ರಿ ಎಂದೋ ಕಾಕ ಎಂದೋ ಕರೆದು ಸುಮ್ಮನಾದೆವು. ಆದರೆ ಕಲಿಸುವ ರೀತಿ ದೂರವೇನೂ ಇರಲಿಲ್ಲ: ಹೇಳಿಕೊಡುವವರ ಎದುರು ಕೂತು, ನೋಡಿ, ಮಾಡಿ, ತಪ್ಪಿದರೆ ಮತ್ತೆ ಮಾಡಿ ಕಲಿಯುವುದು.

ಹಾಗೆ ಕಲಿತದ್ದು ಕಾಗದಕ್ಕೆ ಇಳಿಯುವುದಿಲ್ಲ. ಕೈಪಿಡಿಯಲ್ಲಿ 20 ಭಾಗ, 8 ಭಾಗ ಎಂದು ಬರೆದದ್ದು ಮುಂದೆಯೂ ಸಿಗುತ್ತದೆ. ಗೇಜು ಇಲ್ಲದೆ, ಕೊಡತಿಯ ಸದ್ದು ಕೇಳಿಯೇ 'ಕೂತಿತು' ಎಂದು ಹೇಳುತ್ತಿದ್ದ ಕಿವಿ ಸಿಗುವುದಿಲ್ಲ. ಹೊಸ ಗಾಡಿಗಳಲ್ಲಿ ಇಡೀ ಗಂಟನ್ನು ತೆಗೆದು ಬೇರೊಂದನ್ನು ಹಾಕುವುದೇ ರೂಢಿಯಾಗುತ್ತಿದೆ. ಹಳೆಯ ಜೀಪುಗಳು ಕೆಲವು ತೋಟದ ಕೆಲಸಕ್ಕೆ, ಕೆಲವು ಹವ್ಯಾಸಿಗಳ ಆಟಕ್ಕೆ ಉಳಿದಿವೆ. ಅವುಗಳನ್ನು ಬಿಚ್ಚಿ ಕೂರಿಸಿದ ಕೈಗಳಿಗೆ ವಯಸ್ಸಾಗಿದೆ.

ಅದಕ್ಕೆ ಈ ಬರಹ ಓದುವ ಮನೆಗಳಲ್ಲಿ ಒಂದು ಕೋರಿಕೆ. ನಿಮ್ಮ ಉಪ್ಪನೋ ಕಾಕನೋ ಅಜ್ಜನೋ ಗ್ಯಾರೇಜಿನಲ್ಲಿ ದುಡಿದವರಾದರೆ ಮುಂದಿನ ಸಲ ಚಾ ಕುಡಿಯುವಾಗ ಫೋನಿನ ರೆಕಾರ್ಡರ್ ಹಾಕಿ ನಾಲ್ಕು ಪ್ರಶ್ನೆ ಕೇಳಿ. ಕೆಲಸ ಕಲಿಸಿದ್ದು ಯಾರು, ಯಾವ ಊರಿನಲ್ಲಿ? ಕ್ಯಾರಿಯರ್ ಹೊರಗೆ ಬಾರದಿದ್ದಾಗ ಏನು ಮಾಡುತ್ತಿದ್ದರು? ಆ ಸಲಕರಣೆಗೆ ಬ್ಯಾರಿಯಲ್ಲಿ ಏನು ಹೇಳುತ್ತಿದ್ದರು? ಬಿಗಿ ಸರಿಯಿದೆ ಎಂದು ಅವರಿಗೆ ಹೇಗೆ ಗೊತ್ತಾಗುತ್ತಿತ್ತು? ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದೇ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ ಬರೆದಿಡಿ. ಮನೆಯಲ್ಲಿ ಹಳೆಯ ಕ್ಯಾಪೋ ಕ್ರೌನೋ ಬಿದ್ದಿದ್ದರೆ ಗುಜರಿಗೆ ಹಾಕುವ ಮೊದಲು ಒರಸಿ ನೋಡಿ. ಕಾರ್ಖಾನೆಯವರ ಅಕ್ಷರದ ಪಕ್ಕದಲ್ಲಿ ಸೆಂಟರ್ ಪಂಚಿನ ಒಂದೋ ಎರಡೋ ಚುಕ್ಕೆ ಇದ್ದರೆ, ಅದು ನಿಮ್ಮ ಮನೆಯವರೇ ಹಾಕಿದ್ದಿರಬಹುದು.